ಮೊದಲ ಮನೆಯವಳು

ಅರವತ್ತು ಅಂಗಿ, ಅರವತ್ತು ಪ್ಯಾಂಟು. ಕಟಿಂಗ್ ಮಾಸ್ಟರು ಬೂದು ಬಣ್ಣದ ದಪ್ಪ ಬಟ್ಟೆಯ ಥಾನುಗಳನ್ನು ಮೇಜಿನ ಮೇಲೆ ಉರುಳಿಸಿದಾಗ ಹೊಲಿಗೆ ಕೋಣೆಯಲ್ಲಿದ್ದ ಏಳು ಹೆಂಗಸರೂ ಒಟ್ಟಿಗೇ ಉಸ್ಸೆಂದರು. ದಪ್ಪ ಬಟ್ಟೆ ಅಂದರೆ ಸೂಜಿ ಮುರಿಯುತ್ತದೆ, ಬೆರಳು ನೋಯುತ್ತದೆ, ಮಾಸ್ಟರಿಗೆ ಸಿಟ್ಟು ಬರುತ್ತದೆ.

ಕಿಟಕಿಯ ಬೆಳಕು ಮಡಿಲ ಮೇಲೆ ಬೀಳುವ ಹಾಗೆ ಮೂಲೆಯಲ್ಲಿ ಕೂರುತ್ತಿದ್ದವಳು ಕಾಜಕ್ಕ. ಗುಂಡಿ ತೂರಿಸುವ ಕಾಜಾ ಹಾಕುವುದರಲ್ಲಿ ಆ ಪಟ್ಟಣದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹದಿನಾಲ್ಕು ವರ್ಷ ಅದೇ ಕೆಲಸ ಮಾಡಿ ಮಾಡಿ ಅವಳ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ವಯಸ್ಸು ನಲವತ್ತೊಂದು. ಗಂಡ ತೀರಿಹೋಗಿ ಆರು ವರ್ಷವಾಗಿತ್ತು. ಅಂದಿನಿಂದ ಸೋದರತ್ತೆಯ ಜೊತೆ ಕಣಿವೆಯಲ್ಲಿ ಇರುತ್ತಿದ್ದಳು. ಬೆಳಗಿನ ಮೊದಲ ಬಸ್ಸಿಗೆ ಪಟ್ಟಣಕ್ಕೆ ಬಂದು ಸಂಜೆ ಬಸ್ಸಿಗೆ ಮರಳುವಳು.

ಮಾಸ್ಟರು ಅವಳ ಮುಂದೆ ಬಟ್ಟೆ ಬ್ಯಾಡ್ಜುಗಳ ಕಟ್ಟನ್ನು ಎಸೆದರು. "ಇದನ್ನ ಎಡ ತೋಳಿಗೆ ಹಚ್ಚಬೇಕು. ನಿನ್ನ ಕೈ ನೀಟು, ನೀನೇ ಮಾಡು."

ಅವಳು ಒಂದನ್ನು ಬೆಳಕಿಗೆ ಹಿಡಿದಳು. 'ಕಣಿವೆ ಕಲ್ಲುಗಣಿ – ಭದ್ರತೆ' ಎಂದು ಕೆಂಪು ದಾರದಲ್ಲಿತ್ತು.

"ಯಾವ ಕಣಿವೆ ಮಾಸ್ಟ್ರೇ?"

"ಇನ್ಯಾವ್ದು? ನಿಮ್ದೇ. ನಿಮ್ಮಣ್ಣ ಸಹಿ ಹಾಕಿದಾನಂತಲ್ಲ. ಒಡಹುಟ್ಟಿದವಳಿಗೆ ಗೊತ್ತಿಲ್ವಾ?"

ಕಾಜಕ್ಕ ಬ್ಯಾಡ್ಜನ್ನು ಮತ್ತೆ ಕಟ್ಟಿಗೆ ಸೇರಿಸಿದಳು. ಮುಖದಲ್ಲಿ ಏನನ್ನೂ ತೋರಿಸದೆ ಕೇಳಿದಳು, "ಯಾವಾಗ ಕೊಡ್ಬೇಕು?"

"ಹನ್ನೊಂದು ದಿನ ಇದೆ. ಹನ್ನೆರಡನೇ ದಿನ ಬೆಳಿಗ್ಗೆ ಇದನ್ನ ಹಾಕ್ಕೊಂಡು ಅಲ್ಲಿ ನಿಲ್ಬೇಕಂತೆ."

ಪಕ್ಕದ ಮೆಷಿನಿನವಳು ಬಗ್ಗಿ ಪಿಸುಗುಟ್ಟಿದಳು, "ಕಾಜಾನ ಅಡ್ಡಾದಿಡ್ಡಿ ಹಾಕ್ಬಿಡೇ. ಗುಂಡಿ ಹಾಕೋಕೇ ಆಗ್ಬಾರ್ದು ಮುಂಡೇವಕ್ಕೆ."

"ಕೆಟ್ಟ ಕಾಜಾ ಇದುವರೆಗೂ ಹಾಕಿಲ್ಲ, ಇನ್ನು ಮುಂದೆಯೂ ಹಾಕಲ್ಲ," ಎಂದಳು ಕಾಜಕ್ಕ. "ಅವರಿಗೆ ತಡೆ ಒಡ್ಡೋಕೆ ಬೇರೆ ಜಾಗ ಇದೆ."

ಅವಳ ಕುಲದವರದು ಮೂವತ್ನಾಲ್ಕು ಮನೆ. ಎರಡು ಬಂಡೆಗಳ ನಡುವಿನ ಒಂದು ಗಾಡಿಯಗಲದ ಸಂದಿನಿಂದ ಒಳಗೆ ಹೋದರೆ ಕಣಿವೆ ಅಂಗೈ ಬಿಚ್ಚಿದಂತೆ ಅಗಲವಾಗುತ್ತಿತ್ತು. ಹೊರಗಿನಿಂದ ಯಾರು ಬಂದರೂ, ಕೇಡು ಬಗೆಯಲು ಬಂದವರೂ, ಆ ಸಂದಿನಿಂದಲೇ ಬರಬೇಕು. ಅದಕ್ಕೇ ಅವರ ಹಿಂದಿನವರು ಸಂದಿಗೆ ಆತುಕೊಂಡಂತೆ ಒಂದು ಮನೆ ಕಟ್ಟಿ, ಕುಲದ ಮುಂದಾಳು ಅದರಲ್ಲೇ ಇರತಕ್ಕದ್ದು ಎಂದು ಮಾಡಿದ್ದರು. ಏಟು ಬಿದ್ದರೆ ಮೊದಲು ಅವನ ಮೇಲೆ ಬೀಳಲಿ ಎಂಬುದು ಅದರ ಅರ್ಥ. ಮುಂದಾಳಿಗೆ ಅವರ ಬಾಯಲ್ಲಿ ಬೇರೆ ಬಿರುದಿರಲಿಲ್ಲ, 'ಬಾಗಿಲವನು' ಅನ್ನುತ್ತಿದ್ದರು, ಅಷ್ಟೇ. ಆ ಮನೆಗೆ ಬೀಗವಿರಲಿಲ್ಲ. ಒಂಬತ್ತು ರಾತ್ರಿ ಸತತವಾಗಿ ಅಲ್ಲಿ ಮಲಗಿದವನು ಬಾಗಿಲವನಾಗುತ್ತಿದ್ದ. ಒಂಬತ್ತು ರಾತ್ರಿ ಸತತವಾಗಿ ಬೇರೆಡೆ ಮಲಗಿದವನು ಯಾರ ಅಪ್ಪಣೆಯೂ ಇಲ್ಲದೆ ಆ ಸ್ಥಾನ ಕಳೆದುಕೊಳ್ಳುತ್ತಿದ್ದ.

ಕಾಜಕ್ಕನ ಅಣ್ಣ ಬಾಗಿಲವನಾಗಿ ಹನ್ನೆರಡು ವರ್ಷ ಚೆನ್ನಾಗಿಯೇ ನಡೆಸಿದ್ದ. ಎರಡು ವರ್ಷದ ಹಿಂದೆ ಮಕ್ಕಳ ಓದಿಗೆಂದು ಪಟ್ಟಣಕ್ಕೆ ಹೋದ. ಹೋಗುವಾಗ ಮೊದಲ ಮನೆಗೆ ಬೀಗ ಜಡಿದ. ಎಲ್ಲರೂ ನೋಡಿದರು. ಯಾರೂ ತುಟಿ ಬಿಚ್ಚಲಿಲ್ಲ.

ಅಂದು ಸಂಜೆ ಕಾಜಕ್ಕ ಬ್ಯಾಡ್ಜಿನ ಸುದ್ದಿ ಹೇಳಿದಾಗ ಅತ್ತೆ ಒಲೆಯ ಮುಂದೆ ಕೂತಿದ್ದಳು. ಎಪ್ಪತ್ತೆಂಟರ ಆಕೆಗೆ ಕಣ್ಣು ಮಂಜು, ನಾಲಿಗೆ ಮಾತ್ರ ಹೊಸ ಕತ್ತರಿಯ ಹಾಗೆ.

"ತಪ್ಪು ಅವನದೊಬ್ಬನದಲ್ಲ ಕಣೇ," ಎಂದಳು. "ಅವನು ಬೀಗ ಹಾಕ್ದಾಗ ನಾವೆಲ್ಲ ಬಾಯಿಗೂ ಹಾಕ್ಕೊಂಡ್ವಿ. ಎರಡು ವರ್ಷದಿಂದ ನಮ್ಗೆ ಬಾಗಿಲವನೇ ಇಲ್ಲ. ಇಲ್ಲದೇ ಇರೋನು ಸಹಿ ಹಾಕಿದಾನೆ, ಹೆಂಗಿದೆ ತಮಾಷೆ!"

"ಹೊಸಬರನ್ನ ಕೂರಿಸ್ಬೇಕು ಅತ್ತೆ. ಯಾರನ್ನ?"

ಅತ್ತೆ ಮಂಜುಗಣ್ಣನ್ನು ಅವಳತ್ತ ತಿರುಗಿಸಿದಳು. ಕಾಜಕ್ಕನಿಗೆ ಅರ್ಥವಾಯಿತು. ಅರ್ಥವಾಗಿ ಸಿಟ್ಟೂ ಬಂತು.

"ನಾನಾ? ಎಂಟು ವರ್ಷದವಳಿದ್ದಾಗ ಆ ಮನೆ ಕಟ್ಟೆ ಮೇಲೆ ಕೂತಿದ್ದಕ್ಕೆ ಕೆನ್ನೆಗೆ ಹೊಡೆದೋಳು ನೀನೇ. ಹೆಣ್ಣುಮಕ್ಕಳಿಗೆ ಅಲ್ಲೇನು ಕೆಲಸ ಅಂದಿದ್ದೆ."

"ಹೊಡೆದಿದ್ದೆ," ಎಂದಳು ಅತ್ತೆ. "ನನ್ಗೂ ಹಂಗೇ ಹೊಡೆದಿದ್ರು. ಆದ್ರೆ ಕಟ್ಟಳೇಲಿ ಗಂಡಸು ಅಂತ ಎಲ್ಲೂ ಇಲ್ಲ. ಮಲಗಿದವರು ಅಂತ ಇದೆ. ಗಂಡಸು ಅನ್ನೋದು ಆಮೇಲೆ ನಾವೇ ಸೇರಿಸ್ಕೊಂಡಿದ್ದು."

ಮರುದಿನ ಊಟದ ಬಿಡುವಿನಲ್ಲಿ ಕಾಜಕ್ಕ ಅಣ್ಣನ ಮನೆಗೆ ಹೋದಳು. ಎರಡನೇ ಮಹಡಿ, ನುಣುಪಾದ ನೆಲ, ಬಾಗಿಲಿಗೆ ಮೂರು ಚಿಲಕ. ಅತ್ತಿಗೆ ನೀರು ತಂದುಕೊಟ್ಟು ಮುಖ ನೋಡಲಾಗದೆ ಒಳಗೆ ಹೋದಳು.

"ಸಹಿ ಹಾಕಿದ್ದು ಹೌದಾ?"

"ಹೌದು. ಬಾಗಿಲವನಾಗಿ ಹಾಕಿದೀನಿ," ಎಂದ ಅಣ್ಣ. ಅವನ ದನಿಯಲ್ಲಿ ಅಳುಕಿರಲಿಲ್ಲ. "ರಸ್ತೆ ಮಾಡಿಕೊಡ್ತಾರೆ. ಆಸ್ಪತ್ರೆ ಅಂದಿದಾರೆ. ಅಮ್ಮನ್ನ ಕಂಬಳೀಲಿ ಹೊತ್ಕೊಂಡು ಬರುವಾಗ ಆ ಸಂದೀಲೇ ಪ್ರಾಣ ಹೋಯ್ತಲ್ಲ, ಮರೆತ್ಯಾ? ನಾನು ಮರೆತಿಲ್ಲ."

ಅಂದು ಕಂಬಳಿಯ ಇನ್ನೊಂದು ತುದಿ ಹಿಡಿದಿದ್ದವಳು ಕಾಜಕ್ಕನೇ.

"ರಸ್ತೆ ನಂಗೂ ಬೇಕು ಅಣ್ಣ. ಬಂಡೆ ಒಡೆದ್ಮೇಲೆ ರಸ್ತೆ ಯಾರ ಮನೆಗೆ ಹೋಗತ್ತೆ? ಗಣಿಗೆ ಹೋಗತ್ತೆ. ಮನೆಗಳೇ ಇರಲ್ವಲ್ಲ. ಯಾರನ್ನಾದ್ರೂ ಒಂದು ಮಾತು ಕೇಳಿದ್ಯಾ?"

"ಕೇಳ್ತಾ ಕೂತ್ರೆ ಯಾವುದೂ ಆಗಲ್ಲ. ಮುಂದೆ ನಿಂತವನು ತೀರ್ಮಾನ ಮಾಡ್ಬೇಕು."

"ನೀನು ಮುಂದೆ ಎಲ್ಲಿ ನಿಂತಿದೀಯ? ಎರಡನೇ ಮಹಡೀಲಿ ನಿಂತಿದೀಯ. ಆ ಮನೆ ಬೀಗದ ಕೈ ಕೊಡು."

"ಕೊಡಲ್ಲ. ಹೋಗಿ ನಿನ್ನ ಕಾಜಾ ನೋಡ್ಕೋ."

ಅವಳು ನೀರಿನ ಲೋಟವನ್ನು ಮುಟ್ಟದೆ ಎದ್ದು ಬಂದಳು. ಹೊಲಿಗೆ ಕೋಣೆಗೆ ಮುಟ್ಟುವಷ್ಟರಲ್ಲಿ ಹಟ ಹುಟ್ಟಿತ್ತು.

ಮೂರನೇ ದಿನದ ಸಂಜೆ ಉಳಿದ ಮೂವತ್ತಮೂರು ಮನೆಯವರೂ ಮೊದಲ ಮನೆಯ ಮುಂದೆ ಸೇರಿದರು. ಕುಲದಲ್ಲಿ ಎಲ್ಲರಿಗಿಂತ ಹಿರಿಯನಾದ ಗಡ್ಡದ ದೊಡ್ಡಪ್ಪ ಕೋಲೂರಿ ನಿಂತು, "ಹೆಂಗಸನ್ನ ಬಾಗಿಲಲ್ಲಿ ಕೂರಿಸಿದ್ರೆ ನಾಲ್ಕು ಜನ ನಗ್ತಾರೆ," ಎಂದ.

"ನಗಲಿ," ಎಂದಳು ಅತ್ತೆ. "ಎರಡು ವರ್ಷ ಬಾಗಿಲು ಖಾಲಿ ಇತ್ತಲ್ಲ, ಆಗ ಯಾರು ಅಳ್ತಾ ಇದ್ರು? ನೀನು ಮಲಗ್ತೀಯೇನೋ ಅಲ್ಲಿ? ಮಲಗು, ನಾನೇ ಹಾಸಿಗೆ ಹಾಸ್ತೀನಿ."

ದೊಡ್ಡಪ್ಪ ಗಡ್ಡ ಕೆರೆದುಕೊಂಡ. ಅವನಿಗೆ ಎಂಬತ್ತನಾಲ್ಕು. "ನಂಗೆ ರಾತ್ರಿ ನಾಲ್ಕು ಸಲ ಏಳ್ಬೇಕು," ಎಂದು ಗೊಣಗಿದ. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಆ ನಗೆಯಲ್ಲೇ ಅವನ ವಿರೋಧ ಕರಗಿತು.

ಪಟ್ಟಣದಲ್ಲಿ ಗೇಟು ಮಾಡುವ ಶೆಡ್ಡಿನಲ್ಲಿ ವೆಲ್ಡರ್ ಆಗಿದ್ದ, ಕಣಿವೆಯವನೇ ಆದ ಇಪ್ಪತ್ತಾರರ ಯುವಕನೊಬ್ಬ ಕಬ್ಬಿಣದ ಗರಗಸ ತಂದು ಐದೇ ನಿಮಿಷದಲ್ಲಿ ಬೀಗ ಕೊಯ್ದ. ಒಳಗೆ ಬಾವಲಿಯ ವಾಸನೆ. ಒಂದು ಕಡೆ ಮಾಡು ಕುಸಿದಿತ್ತು. ಹೆಂಗಸರು ಗುಡಿಸಿದರು, ಗಂಡಸರು ತಗಡು ಹೊದಿಸಿದರು. ಕಾಜಕ್ಕ ಚಾಪೆ, ದಿಂಬು, ಸೂಜಿ ಡಬ್ಬಿ ತಂದಿಟ್ಟಳು. ಲೆಕ್ಕ ಸರಿಯಾಗಿತ್ತು: ಅಂದಿನಿಂದ ಒಂಬತ್ತನೇ ರಾತ್ರಿ ಕಳೆದ ಬೆಳಿಗ್ಗೆಯೇ ಅವರು ಬರುವ ಬೆಳಿಗ್ಗೆ. ಒಂದು ರಾತ್ರಿ ತಪ್ಪಿದರೂ ಅವಳು ಯಾರೂ ಅಲ್ಲ.

ಹಗಲೆಲ್ಲ ಆ ಸಮವಸ್ತ್ರಗಳಿಗೇ ಕಾಜಾ ಹಾಕಿ, ಸಂಜೆ ಬಂದು ಆ ಮನೆಯಲ್ಲಿ ಮಲಗುವಳು. ಆರನೇ ದಿನ ಮಾಸ್ಟರು, "ಈ ವಾರ ಇಲ್ಲೇ ಉಳಿದು ಓವರ್‌ಟೈಮ್ ಮಾಡ್ಬೇಕು, ಎಲ್ಲರೂ," ಎಂದರು.

"ನಾನು ಸಂಜೆ ಬಸ್ಸಿಗೆ ಹೋಗ್ಬೇಕು ಮಾಸ್ಟ್ರೇ."

"ಹೋದ್ರೆ ನಾಳೆ ಬರೋದು ಬೇಡ."

ಕಾಜಕ್ಕ ಕೈಯಲ್ಲಿದ್ದ ಅಂಗಿಯ ಕೊನೇ ಕಾಜಾ ಮುಗಿಸಿ, ದಾರ ಕಚ್ಚಿ ಕತ್ತರಿಸಿ, ಅಂಗಿಯನ್ನು ಮಡಿಸಿಟ್ಟಳು. "ಇಪ್ಪತ್ತೆಂಟನೇ ಅಂಗಿಯ ತೋಳು ಅರ್ಧ ಇಂಚು ಉದ್ದ ಬಂದಿದೆ, ನೋಡ್ಕೊಳ್ಳಿ," ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡಳು. ಹದಿನಾಲ್ಕು ವರ್ಷದ ಕೆಲಸ ಹಾಗೆ ಮುಗಿಯಿತು. ಬಸ್ಸಿನಲ್ಲಿ ಕೂತ ಮೇಲೆ ಅವಳಿಗೆ ಅಳು ಬಂತು. ಸೆರಗು ಬಾಯಿಗೊತ್ತಿಕೊಂಡು ಕಿಟಕಿಯತ್ತ ತಿರುಗಿ ಎರಡು ನಿಲ್ದಾಣದವರೆಗೆ ಅತ್ತಳು. ಆಮೇಲೆ ಸಾಕೆನಿಸಿತು.

ಇನ್ನೊಂದು ಜಗಳ ಬಾಕಿ ಇತ್ತು. ವೆಲ್ಡರು ತನ್ನ ಓರಗೆಯ ಹದಿನೈದು ಜನರನ್ನು ಸೇರಿಸಿ, ತುದಿ ಚೂಪು ಮಾಡಿದ ಸರಳುಗಳನ್ನು ತಂದಿಟ್ಟಿದ್ದ. ಎಂಟನೇ ರಾತ್ರಿ ಕಳೆದ ಬೆಳಿಗ್ಗೆ ಕಾಜಕ್ಕ ಅವನ್ನು ಕಂಡಳು.

"ಇದೇನೋ ಇದು?"

"ಅವರು ಅರವತ್ತು ಜನ ಚಿಕ್ಕಮ್ಮ. ನಾವು ಕೈ ಕಟ್ಟಿ ನಿಲ್ಬೇಕಾ?"

"ಸರಳು ಇಲ್ಲೇ ಬಿಡು. ನಿಲ್ಲೋ ಕ್ರಮ ನಿಂಗೆ ಗೊತ್ತಿದೆ ತಾನೇ? ಮೊದಲು ಬಾಗಿಲವಳು. ಅವಳ ಹಿಂದೆ ಮುದುಕರು. ಅವರ ಹಿಂದೆ ಮಕ್ಕಳೊಂದಿಗರು. ಕಟ್ಟಕಡೆಗೆ ನೀವು."

"ಅಜ್ಜಿ ತಾತನ ಬೆನ್ನ ಹಿಂದೆ ಅಡಗಿಕೊಳ್ಳೋದು ಹೇಡಿತನ ಅಲ್ವಾ?" ವೆಲ್ಡರನ ಕಣ್ಣು ಕೆಂಪಾಗಿತ್ತು. "ಹಳೇ ಕಾಲದೋರಿಗೆ ಬುದ್ಧಿ ಇರ್ಲಿಲ್ಲ ಬಿಡಿ."

"ಬುದ್ಧಿ ಇತ್ತು ಅಂತಲೇ ಹಂಗೆ ಮಾಡಿದ್ರು. ಮೊದಲ ಕಲ್ಲು ಎಸೆಯೋನು ಯಾವಾಗ್ಲೂ ನಿನ್ನ ವಯಸ್ಸಿನೋನು. ಎಸೀಬೇಕು ಅಂದ್ರೆ ಸ್ವಂತ ಅಜ್ಜೀನ ತಳ್ಳಿ ಮುಂದೆ ಹೋಗು. ತಳ್ತೀಯಾ?"

ಅವನು ಒಂದು ಸರಳನ್ನು ಕಾಲಿನಿಂದ ಹೊರಳಿಸಿದ.

"ನೀನು ಒಬ್ಬನಿಗೆ ಚುಚ್ಚಿದ್ರೆ ಸಾಕು, ಅವರಿಗೆ ಅದೇ ಬೇಕಾಗಿರೋದು. ನಾಳೆ ಸಂಜೆಗೆ ಕಣಿವೆ ಖಾಲಿ ಮಾಡಿಸ್ತಾರೆ. ನಂಗೇನೂ ಆಗದೇ ಇರ್ಲಿ ಅಂತ ಅಲ್ಲ ಕಣೋ. ನಂಗೆ ಮೊದಲ ಏಟು ಬಿದ್ರೂ ನೀನು ಅಲ್ಲೇ ನಿಂತಿರ್ಬೇಕು. ಅದು ಸರಳು ಎತ್ತೋದಕ್ಕಿಂತ ಕಷ್ಟ. ಆಗತ್ತಾ?"

ಅವನು ಸರಳುಗಳ ಕಟ್ಟನ್ನು ಹೆಗಲಿಗೇರಿಸಿಕೊಂಡು ಹೋಗಿ ಹಳೇ ಬಾವಿಗೆ ಹಾಕಿ ಬಂದ. ಬಂದವನು ಮುಖ ಊದಿಸಿಕೊಂಡೇ ಇದ್ದ.

ಹನ್ನೆರಡನೇ ದಿನ ಬಿಸಿಲೇರುವ ಹೊತ್ತಿಗೆ ಅವರು ಬಂದರು. ಮುಂದೆ ಒಂದು ಜೀಪು, ಹಿಂದೆ ಎರಡು ಬಸ್ಸು, ಅದರ ಹಿಂದೆ ಬಂಡೆ ಕೊರೆಯುವ ಹಳದಿ ಯಂತ್ರ. ಬಸ್ಸಿನಿಂದ ಬೂದು ಸಮವಸ್ತ್ರದ ಅರವತ್ತು ಜನ ಇಳಿದು ಸಾಲುಗಟ್ಟಿದರು. ಜೀಪಿನಿಂದ ಕಾಗದಗಳ ಚೀಲ ಹಿಡಿದ ಸರ್ವೆ ಅಧಿಕಾರಿ ಇಳಿದ. ಅವನ ಹಿಂದೆ ಕಾಜಕ್ಕನ ಅಣ್ಣ ಇಳಿದ.

ಸಂದಿನಲ್ಲಿ ಕಾಜಕ್ಕ ಒಬ್ಬಳೇ ಮುಂದೆ ನಿಂತಿದ್ದಳು. ಅವಳ ಎರಡು ಹೆಜ್ಜೆ ಹಿಂದೆ ಅತ್ತೆ, ದೊಡ್ಡಪ್ಪ ಮತ್ತಿತರ ಹತ್ತೊಂಬತ್ತು ಮುದುಕರು. ಅವರ ಹಿಂದೆ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬಂದ ತಾಯಂದಿರು, ತಂದೆಯಂದಿರು. ಎಲ್ಲರ ಹಿಂದೆ, ಕತ್ತು ಉದ್ದ ಮಾಡಿ ನೋಡುತ್ತ, ವೆಲ್ಡರು ಮತ್ತವನ ಗೆಳೆಯರು. ಯಾರ ಕೈಯಲ್ಲೂ ಏನೂ ಇರಲಿಲ್ಲ, ದೊಡ್ಡಪ್ಪನ ಕೋಲೊಂದನ್ನು ಬಿಟ್ಟರೆ.

"ದಾರಿ ಬಿಡಮ್ಮ," ಎಂದ ಅಧಿಕಾರಿ. "ನಿಮ್ಮ ಮುಖಂಡರೇ ಒಪ್ಪಿ ಸಹಿ ಹಾಕಿದಾರೆ."

"ಇಲ್ಲಿ ಬಾಗಿಲವಳು ನಾನು. ನಾನು ಸಹಿ ಹಾಕಿಲ್ಲ."

ಭದ್ರತೆಯವರ ಮೇಲಿನವನು ಕೈ ಬೀಸಿದ. ಸಾಲು ಮುಂದೆ ಬಂತು. ಮುಂದಿದ್ದವನ ಭುಜ ಬಡಿದು ಕಾಜಕ್ಕ ಒಂದು ಹೆಜ್ಜೆ ಹಿಂದೆ ಸರಿದಳು, ಮತ್ತೆ ಅದೇ ಜಾಗಕ್ಕೆ ಬಂದು ನಿಂತಳು. ಇನ್ನೊಂದು ಸಲ ತಳ್ಳಿದಾಗ ಅವಳು ಮೊಣಕಾಲೂರಿ ಬಿದ್ದಳು. ಹಿಂದಿನಿಂದ ವೆಲ್ಡರನ ಕೂಗು ಕೇಳಿತು. ಆದರೆ ಅವನ ಮತ್ತು ಅವರ ನಡುವೆ ಅವನ ಅಜ್ಜಿಯಿದ್ದಳು, ಆಕೆಯ ಇಬ್ಬರು ತಂಗಿಯರಿದ್ದರು. ಅವನು ಹಲ್ಲು ಕಚ್ಚಿ ನಿಂತ.

ಕಾಜಕ್ಕ ಎದ್ದು ಸೀರೆ ಕೊಡವಿಕೊಂಡಳು. ತಳ್ಳಿದವನಿಗೆ ಇಪ್ಪತ್ತರ ಮೇಲೆ ಇದ್ದಿರಲಾರದು. ಅವನ ಅಂಗಿಯ ತೋಳು ಅಂಗೈವರೆಗೂ ಇಳಿದಿತ್ತು.

"ಇಪ್ಪತ್ತೆಂಟನೇ ಅಂಗಿ ನಿಂಗೇ ಬಂತಾ?" ಎಂದಳು. "ಅರ್ಧ ಇಂಚು ಉದ್ದ ಅಂತ ನಾನು ಹೇಳಿದ್ದೆ. ಕೇಳ್ಲಿಲ್ಲ ಮಾಸ್ಟ್ರು."

ಅವನು ಗಲಿಬಿಲಿಗೊಂಡು ತನ್ನ ತೋಳು ನೋಡಿಕೊಂಡ. ನೂಕಾಟದಲ್ಲಿ ದೊಡ್ಡಪ್ಪನ ಕೋಲು ಕೆಳಗೆ ಬಿದ್ದಿತ್ತು. ಆ ಹುಡುಗ ಬಗ್ಗಿ ಅದನ್ನೆತ್ತಿ ಮುದುಕನ ಕೈಗಿತ್ತ. ಸಾಲು ಅಲ್ಲೇ ನಿಂತುಬಿಟ್ಟಿತು.

"ನಿಲ್ಲಿಸಿ," ಎಂದ ಅಧಿಕಾರಿ. ಮುದುಕರನ್ನು ತುಳಿದು ಹೋಗುವುದು ಅವನಿಗೂ ಬೇಕಿರಲಿಲ್ಲ. ಅಣ್ಣನತ್ತ ತಿರುಗಿದ. "ಏನ್ರೀ, ನೀವೇ ಮುಖಂಡರು, ಇದೇ ನಿಮ್ಮ ಮನೆ ಅಂತ ಬರೆದುಕೊಟ್ಟಿದೀರಿ. ಹೌದೋ ಅಲ್ವೋ?"

"ಹೌದು. ಇದೇ ನನ್ನ ಮನೆ."

"ಬಾಗಿಲು ತೆಗೆದೇ ಇದೆ. ನಡೀರಿ, ಒಳಗೆ ಕೂತು ಹೇಳಿಕೆ ಬರ್ಕೊಳ್ಳೋಣ."

ಅಣ್ಣ ನಡೆದ. ಎಲ್ಲರೂ ಅವನಿಗೆ ದಾರಿ ಬಿಟ್ಟರು. ಕಟ್ಟೆಯ ಮೂರು ಮೆಟ್ಟಿಲು ಹತ್ತಿದ. ಹೊಸ್ತಿಲ ಮುಂದೆ ಬಲಗಾಲು ಎತ್ತಿದವನು ಹಾಗೇ ನಿಂತ.

ಮೊದಲ ಮನೆಯನ್ನು ಬಿಟ್ಟುಹೋದವನು ಅದರಲ್ಲಿ ಈಗ ಮಲಗುವವರು 'ಒಳಗೆ ಬಾ' ಎನ್ನದೆ ಹೊಸ್ತಿಲು ದಾಟುವಂತಿಲ್ಲ. ಬರೆದಿಟ್ಟ ನಿಯಮವಲ್ಲ ಅದು. ದಾಟಿದರೆ ಶಿಕ್ಷೆಯೂ ಇಲ್ಲ. ಆದರೆ ಅವನು ಹುಟ್ಟಿದಂದಿನಿಂದ ಯಾರೂ ದಾಟಿದ್ದನ್ನು ನೋಡಿರಲಿಲ್ಲ. ಒಳಗೆ ತಂಗಿಯ ಚಾಪೆ ಸುತ್ತಿಟ್ಟಿತ್ತು, ಗೂಡಿನಲ್ಲಿ ದೀಪವಿತ್ತು. ಅವನು ಎತ್ತಿದ ಕಾಲನ್ನು ಕೆಳಗಿಟ್ಟು ತಿರುಗಿ ನೋಡಿದ.

ಕಾಜಕ್ಕನೂ ಅವನನ್ನೇ ನೋಡುತ್ತಿದ್ದಳು. ಚಿಕ್ಕಂದಿನಲ್ಲಿ ಅವಳನ್ನು ಹೆಗಲ ಮೇಲೆ ಹೊತ್ತು ಕಣಿವೆಯೆಲ್ಲ ತಿರುಗಿಸಿದ ಅಣ್ಣ. ಕರೆಯಬೇಕೆಂದು ನಾಲಿಗೆ ತುದಿಯವರೆಗೆ ಬಂತು. ಅವಳು ತುಟಿ ಬಿಗಿ ಹಿಡಿದಳು.

"ಹೋಗ್ರೀ ಒಳಗೆ," ಎಂದ ಅಧಿಕಾರಿ. "ನಿಮ್ಮ ಮನೆ ತಾನೇ?"

ಅಣ್ಣನ ಮುಖ ಬೆವರಿತ್ತು. "ಆಗಲ್ಲ ಸಾರ್," ಎಂದ, ಯಾರಿಗೂ ಸರಿಯಾಗಿ ಕೇಳದ ಹಾಗೆ.

"ಏನಂದ್ರಿ?"

"ಆಗಲ್ಲ ಅಂದೆ. ಅವಳು ಕರೀಬೇಕು. ಅವಳು ಕರೀತಿಲ್ಲ."

ಅಧಿಕಾರಿ ಒಮ್ಮೆ ತೆರೆದ ಬಾಗಿಲು ನೋಡಿದ, ಒಮ್ಮೆ ಕೈಯಲ್ಲಿದ್ದ ಕಾಗದ ನೋಡಿದ. ಕಾಗದ ಹೇಳುತ್ತಿದ್ದುದಕ್ಕೂ ಕಣ್ಣೆದುರಿನದಕ್ಕೂ ತಾಳೆಯಾಗುತ್ತಿರಲಿಲ್ಲ. ಜೀಪಿನ ಬಾನೆಟ್ ಮೇಲಿಟ್ಟುಕೊಂಡು ನಾಲ್ಕು ಸಾಲು ಬರೆದ: ಸಹಿ ಮಾಡಿದವರು ಸ್ಥಳದಲ್ಲಿ ವಾಸವಿಲ್ಲ, ಅವರ ಅಧಿಕಾರವನ್ನು ಅವರ ಜನ ಒಪ್ಪುತ್ತಿಲ್ಲ, ವಿಚಾರಣೆಯಾಗುವವರೆಗೆ ಕೆಲಸ ನಿಲ್ಲಿಸುವುದು. ಯಂತ್ರವನ್ನು ಆ ಇಕ್ಕಟ್ಟು ದಾರಿಯಲ್ಲಿ ತಿರುಗಿಸಲಾಗದೆ ಹಿಂದುಹಿಂದಕ್ಕೇ ಓಡಿಸಿಕೊಂಡು ಹೋಗಬೇಕಾಯಿತು. ಅಣ್ಣ ಜೀಪು ಹತ್ತಲಿಲ್ಲ, ಕಣಿವೆಯೊಳಕ್ಕೂ ಬರಲಿಲ್ಲ. ಡಾಂಬರು ರಸ್ತೆಯತ್ತ ಒಬ್ಬನೇ ನಡೆದು ಹೋದ.

ವಿಚಾರಣೆ ನಡೆದದ್ದು ಇಪ್ಪತ್ತು ದಿನಗಳ ನಂತರ, ಪಟ್ಟಣದ ಕಚೇರಿಯೊಂದರಲ್ಲಿ. ಫೈಲುಗಳ ಧೂಳು ಹಿಡಿದ ಉದ್ದನೆಯ ಕಾರಿಡಾರಿನಲ್ಲಿ ಕಣಿವೆಯ ನೂರಾ ಹತ್ತು ಜನ ಗೋಡೆಗೊರಗಿ ನಿಂತಿದ್ದರು. ಜವಾನ ಬಂದು, "ಒಬ್ಬರು ಮಾತ್ರ ಒಳಗೆ ಬನ್ನಿ, ನಾಯಕರು ಯಾರೋ ಅವರು," ಎಂದ.

ಕಾಜಕ್ಕ ಬಾಗಿಲಿನವರೆಗೆ ಹೋಗಿ ನಿಂತಳು. ಒಳಗೆ ಮೇಜಿನಾಚೆ ಹಿರಿಯ ಅಧಿಕಾರಿ, ಪಕ್ಕದಲ್ಲಿ ಗಣಿ ಕಂಪನಿಯ ವಕೀಲ.

"ಬಾಗಿಲು ಹಾಕ್ಕೊಂಡು ಬಾಮ್ಮ," ಎಂದರು ಹಿರಿಯ ಅಧಿಕಾರಿ.

"ಹಾಕಲ್ಲ ಸಾರ್. ನಮ್ಮಣ್ಣನ್ನೂ ಹಿಂಗೇ ಬಾಗಿಲು ಹಾಕ್ಕೊಂಡೇ ಮಾತಾಡಿಸಿದ್ರು. ನಾನು ಆಡೋ ಮಾತು ಅಷ್ಟೂ ಜನಕ್ಕೂ ಕೇಳ್ಬೇಕು. ತಪ್ಪಾಡಿದ್ರೆ ಅಲ್ಲಿಂದಲೇ ತಿದ್ದುತಾರೆ."

"ಹಾಗೆಲ್ಲ ನಡೆಯಲ್ಲ. ನೀನು ನಾಯಕಿ ತಾನೇ?"

"ನಾಯಕಿ ಅಂದ್ರೆ ನಮ್ಮಲ್ಲಿ ಮೊದಲು ಏಟು ತಿನ್ನೋಳು. ಬೇರೆಯವರ ಮನೆ ಬರೆದುಕೊಡೋಳಲ್ಲ."

ವಕೀಲ ನಕ್ಕ. ಹಿರಿಯ ಅಧಿಕಾರಿ ನಗಲಿಲ್ಲ. ಕನ್ನಡಕ ಒರೆಸಿಕೊಂಡು, ಬಾಗಿಲು ತೆರೆದಿಡುವಂತೆ ಜವಾನನಿಗೆ ಸನ್ನೆ ಮಾಡಿದರು. ಕಾಜಕ್ಕ ಅಲ್ಲೇ ನಿಂತು ಮುಕ್ಕಾಲು ಗಂಟೆ ಮಾತಾಡಿದಳು. ಎರಡು ಸಲ ಅತ್ತೆ ಕಾರಿಡಾರಿನಿಂದಲೇ ಕೂಗಿ ಅವಳನ್ನು ತಿದ್ದಿದಳು. ಒಂದು ಸಲ ದೊಡ್ಡಪ್ಪ ಅತ್ತೆಯನ್ನೇ ತಿದ್ದಿದ. ರಸ್ತೆ ಬೇಡವೇ ಎಂದು ವಕೀಲ ಕೇಳಿದಾಗ, "ಬೇಕು, ಸಂದಿನವರೆಗೆ ಸಾಕು. ಬಂಡೆ ಮುಟ್ಟೋದು ಬೇಡ," ಎಂದಳು. ನೂರಾ ಹತ್ತು ಜನವೂ ಹೌದೆಂದರು.

ಸಂಜೆಗೆ ಆದೇಶ ಬಂತು. ಅಣ್ಣನ ಸಹಿ ರದ್ದಾಗಿತ್ತು. ಕಂಪನಿಗೆ ಹೊಸದಾಗಿ ಅರ್ಜಿ ಹಾಕಲು ಅವಕಾಶವಿತ್ತು, ಆದರೆ ಪ್ರತಿ ಮನೆಯ ಒಪ್ಪಿಗೆಯನ್ನೂ ಕಣಿವೆಗೇ ಬಂದು, ಎಲ್ಲರ ಎದುರು ಕೇಳಬೇಕಿತ್ತು.

ಮೆಟ್ಟಿಲಲ್ಲಿ ವಕೀಲ ಎದುರಾದ. "ನಾವು ಮತ್ತೆ ಬರ್ತೀವಿ ತಾಯಿ. ಇದು ಇಲ್ಲಿಗೆ ಮುಗೀಲಿಲ್ಲ."

"ಗೊತ್ತು. ಬನ್ನಿ," ಎಂದಳು ಕಾಜಕ್ಕ. "ಹಗಲು ಹೊತ್ತಲ್ಲಿ ಬನ್ನಿ, ಎಲ್ಲರೂ ಇರ್ತೀವಿ."

ವೆಲ್ಡರು ಬಸ್ಸು ತಡೆದು ನಿಲ್ಲಿಸಿದ್ದ. ಅವಳು ಮೊದಲು ಅತ್ತೆಯನ್ನು ಹತ್ತಿಸಿದಳು. ಆಮೇಲೆ, ಕಿಟಕಿ ಪಕ್ಕದ ಸೀಟಿಗಾಗಿ ಆಗಲೇ ಜಗಳಕ್ಕಿಳಿದಿದ್ದ ದೊಡ್ಡಪ್ಪನ ಬೆನ್ನಿಗೆ ಕೈಕೊಟ್ಟು ಮೇಲೇರಿಸಿದಳು.